ಕಥೆಗಳಲ್ಲಿ ಒಳ್ಳೆಯವರಿಗೆಲ್ಲ ಲೆಕ್ಕ ಅಂದ್ರೆ ಯಾಕೆ ಆಗೋದಿಲ್ಲ?

ಮುಗಿಲಮಲ್ಲಿಗೆ
ಮೊನ್ನೆ ರಾತ್ರಿಯ ಮಾತು. ಮಗಳು ಏಳನೇ ಕ್ಲಾಸು. ಮಂಚದ ಮೇಲೆ ಬೋರಲು ಮಲಗಿ ಭಿನ್ನರಾಶಿ ಲೆಕ್ಕ ಮಾಡ್ತಿದ್ಲು. ಮಾಡು ಅಂತ ಯಾರೂ ಹೇಳಿರಲಿಲ್ಲ, ಕೊಟ್ಟಿದ್ದು ಮುಗಿಸಿ ಮುಂದಿನ ಪಾಠಕ್ಕೆ ತಾನೇ ಕೈ ಹಾಕಿದ್ಲು. ಅಷ್ಟರಲ್ಲಿ ಗೆಳತಿಯ ಫೋನ್ ಬಂತು. ಅದೂ ಇದೂ ಮಾತಾಡ್ತಾ, "ಅಯ್ಯೋ, ನಂಗೂ ಮ್ಯಾಥ್ಸ್ ಕಂಡ್ರೆ ಆಗಲ್ಲ ಕಣೇ" ಅಂದ್ಲು. ಹಾಗನ್ನೋವಾಗಲೂ ಪೆನ್ಸಿಲು ನಿಲ್ಲಲಿಲ್ಲ. ಛೇದ ಸಮ ಮಾಡಿ ಕೆಳಗೆ ಗೆರೆ ಎಳೆದಳು.

ಫೋನ್ ಇಟ್ಟ ಮೇಲೆ ಕೇಳಿದೆ, ಯಾಕೆ ಪುಟ್ಟಿ ಹಾಗಂದೆ ಅಂತ. "ಇಷ್ಟ ಅಂದ್ರೆ ಅವರು ನನ್ನ ಆ ಥರದವಳು ಅಂದ್ಕೋತಾರಮ್ಮ" ಅಂದ್ಲು. ಯಾವ ಥರ ಅಂದ್ರೆ ಅವಳಿಗೆ ಹೇಳಕ್ಕೆ ಬರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಪುಸ್ತಕದಲ್ಲಿ ಇರ್ತಾರಲ್ಲ, ಕನ್ನಡಕ ಹಾಕ್ಕೊಂಡು ಎಲ್ಲರ ಮೇಲೂ ಚಾಡಿ ಹೇಳೋರು" ಅಂದ್ಲು.

ಅವಳು ಮಲಗಿದ ಮೇಲೆ ಕಪಾಟಿನಿಂದ ಶಾಲೆ ಕಥೆಗಳನ್ನ ಒಂದೊಂದಾಗಿ ತೆಗೆದು ನೋಡಿದೆ. ಹೌದು. ನಾಯಕಿಯ ಪರಿಚಯ ಆಗೋ ಪುಟದಲ್ಲೇ ಇರುತ್ತೆ: ಮಳೆ ಇಷ್ಟ, ನಾಯಿಮರಿ ಇಷ್ಟ, ಗಣಿತ ಕಷ್ಟ. ಯಾಕೆ ಕಷ್ಟ ಅಂತ ಎಲ್ಲೂ ಇಲ್ಲ. ಮುಂದೆ ಕಥೆಯಲ್ಲಿ ಅದು ಕೆಲಸಕ್ಕೂ ಬರಲ್ಲ. ಓದೋ ಮಗು ಅವಳನ್ನ ಹಚ್ಚಿಕೊಳ್ಳಲಿ ಅಂತ ಹೇಳಿದ್ದು, ಅಷ್ಟೇ. ನನ್ನ ಮಗಳು ಹಚ್ಚಿಕೊಂಡಿದ್ದಾಳೆ. ಅದಕ್ಕೇ ಸುಳ್ಳು ಹೇಳಿದ್ಲು.

ನೀವು ಓದಿದ್ದರಲ್ಲಿ, ನೋಡಿದ್ದರಲ್ಲಿ ಇದನ್ನ ಗಮನಿಸಿದ್ದೀರಾ? ಎಲ್ಲ ಕಡೆಯೂ ಹೀಗೇನಾ?

ಸೊನ್ನೆ
ಮಗಳ ಪೆನ್ಸಿಲು ನಿಲ್ಲಲಿಲ್ಲ ಅನ್ನೋದು ಓದಿ ಸಂಕಟ ಆಯ್ತು. 2004ರ 'ಮೀನ್ ಗರ್ಲ್ಸ್' ಸಿನಿಮಾ ಇದೇ. ನಾಯಕಿಗೆ ಗಣಿತ ಚೆನ್ನಾಗಿ ಬರುತ್ತೆ, ಹುಡುಗ ಹತ್ತಿರ ಬರಲಿ ಅಂತ ಬರಲ್ಲ ಅಂತ ನಟಿಸ್ತಾಳೆ, ಬೇಕಂತಲೇ ತಪ್ಪು ಉತ್ತರ ಬರೀತಾಳೆ. ಗಣಿತದ ತಂಡ ಸೇರಿದ್ರೆ ಮರ್ಯಾದೆ ಹೋಯ್ತು ಅಂತ ಗೆಳೆಯರು ಹೆದರಿಸ್ತಾರೆ. ಆದರೆ ಕೊನೆಗೆ ಅವಳು ಗೆಲ್ಲೋದು ಅದೇ ತಂಡದಲ್ಲಿ ಕೂತು 'ಲಿಮಿಟ್' ಲೆಕ್ಕ ಬಿಡಿಸಿ. ಆ ಸಿನಿಮಾ ಈ ನಟನೆಯನ್ನೇ ಹಿಡಿದು ತೋರಿಸಿತ್ತು. ಇಪ್ಪತ್ತು ವರ್ಷ ಆದ ಮೇಲೂ ಮಕ್ಕಳು ಅದೇ ನಟನೆ ಮಾಡ್ತಿದ್ದಾರೆ.

ಕೊನೇ ಬೆಂಚು
ಮೇಡಂ, ನಿಮ್ಮ ನೋವು ಅರ್ಥ ಆಗುತ್ತೆ, ಆದ್ರೆ ನಾನು ಒಪ್ಪಲ್ಲ. ಲೆಕ್ಕ ಬರೋ ಮಕ್ಕಳಿಗೆ ಶಾಲೆ ತುಂಬ ಹೊಗಳಿಕೆ ಇದೆ. ಬಹುಮಾನ ಅವರಿಗೆ, ಮುಂದಿನ ಬೆಂಚು ಅವರಿಗೆ. ನಮ್ಮಂಥವರಿಗೆ ಇದ್ದದ್ದು ಕಥೆ ಒಂದೇ. ಡೋರೆಮಾನ್ ಕಾರ್ಟೂನಿನ ನೋಬಿತಾ ಸೊನ್ನೆ ಬಂದ ಪೇಪರನ್ನ ಅಮ್ಮನ ಕಣ್ಣಿಗೆ ಬೀಳದ ಹಾಗೆ ಬಚ್ಚಿಡೋದನ್ನ ಮೊದಲ ಸಲ ನೋಡಿದಾಗ ನಂಗೆ ಉಸಿರು ಬಂದ ಹಾಗಾಯ್ತು. ಇಷ್ಟು ಒಳ್ಳೆ ಹುಡುಗನಿಗೂ ಹೀಗಾಗುತ್ತಾ ಅಂತ. ಅದನ್ನೂ ಕಿತ್ಕೋಬೇಡಿ.

ಗಾಳಿಪಟ
@ಕೊನೇ ಬೆಂಚು ಅದೇ ಡೋರೆಮಾನ್‌ನಲ್ಲಿ ಡೆಕಿಸುಗಿನೂ ಇದ್ದಾನೆ ನೋಡಿ. ಎಲ್ಲದರಲ್ಲೂ ಮುಂದೆ, ಆದ್ರೂ ಒಳ್ಳೆಯವನು, ಯಾರನ್ನೂ ಹಂಗಿಸಲ್ಲ. 1969ರಲ್ಲಿ ಶುರುವಾದ ಕಾಮಿಕ್ಸು ಇಬ್ಬರಿಗೂ ಜಾಗ ಕೊಟ್ಟಿತ್ತು. ಅಷ್ಟು ಸಾಕು ನಂಗೆ.

ಹಳೇ ಓದುಗ
ಇದು ಮಕ್ಕಳ ಪುಸ್ತಕಗಳಿಂದ ಶುರುವಾದದ್ದಲ್ಲ, ಬಹಳ ಹಿಂದಿನದು. 1726ರಲ್ಲಿ ಬಂದ ಗಲಿವರನ ಪ್ರವಾಸಕಥೆಯನ್ನು ನೆನಪಿಸಿಕೊಳ್ಳಿ. ಕುಳ್ಳರ ನಾಡು, ದೈತ್ಯರ ನಾಡು ಎಲ್ಲರಿಗೂ ಗೊತ್ತು. ಮೂರನೆಯ ಭಾಗದಲ್ಲಿ ಲಪುಟಾ ಎಂಬ ಹಾರುವ ದ್ವೀಪ ಬರುತ್ತದೆ. ಅಲ್ಲಿನವರಿಗೆ ಗಣಿತ ಮತ್ತು ಸಂಗೀತ ಬಿಟ್ಟು ಬೇರೇನೂ ಬೇಡ. ತಲೆ ಒಂದು ಪಕ್ಕಕ್ಕೆ ವಾಲಿರುತ್ತದೆ, ಒಂದು ಕಣ್ಣು ಒಳಕ್ಕೆ ತಿರುಗಿದೆ, ಇನ್ನೊಂದು ನೆತ್ತಿಯ ಆಕಾಶಕ್ಕೆ. ಮಾಂಸವನ್ನು ತ್ರಿಕೋನವಾಗಿ ಕತ್ತರಿಸಿ ಬಡಿಸುತ್ತಾರೆ. ದರ್ಜಿ ಕೋನಮಾಪಕ ಹಿಡಿದು ಅಳತೆ ತೆಗೆದು, ಲೆಕ್ಕದಲ್ಲಿ ಎಲ್ಲೋ ತಪ್ಪಿ, ಮೈಗೆ ಹೊಂದದ ಬಟ್ಟೆ ತರುತ್ತಾನೆ. ಮನೆಗಳ ಗೋಡೆಗಳು ಸೊಟ್ಟ. ಎದುರಿಗಿದ್ದವರ ಮಾತು ಕೇಳಿಸಿಕೊಳ್ಳಬೇಕಾದರೂ ಆಳೊಬ್ಬ ಕಿವಿಗೆ ತಟ್ಟಿ ಎಚ್ಚರಿಸಬೇಕು.

ಇಂದಿನ ಸಿನಿಮಾದ "ಮೈಮರೆತ ಗಣಿತಜ್ಞ" ಇದೇ ಮನುಷ್ಯನ ಮೊಮ್ಮಗ. ಖಳನೂ ಗಣಿತದಿಂದಲೇ ಬಂದ. ಷರ್ಲಾಕ್ ಹೋಮ್ಸನ ಬದ್ಧವೈರಿ ಮೊರಿಯಾರ್ಟಿ ಗಣಿತದ ಪ್ರಾಧ್ಯಾಪಕ, 21ನೇ ವಯಸ್ಸಿಗೇ ದ್ವಿಪದ ಪ್ರಮೇಯದ ಮೇಲೆ ಗ್ರಂಥ ಬರೆದು ಹೆಸರಾದವನು. ಇದು 1893ರ ಕಥೆ. ಅಪರಾಧ ಜಗತ್ತಿನ ದೊರೆಗೆ ಬೇರೆ ಯಾವ ವೃತ್ತಿಯನ್ನಾದರೂ ಕೊಡಬಹುದಿತ್ತು.

ನೀಲಿ ಶಾಯಿ
ಹಳೇ ಓದುಗರೇ, ಒಂದು ಸೇರಿಸಲಾ? ಗಣಿತವನ್ನ ಅಣಕಿಸಿದವರೆಲ್ಲ ಗಣಿತ ಬರದವರು ಅಂತಲೂ ಅಲ್ಲ. 1865ರ 'ಆಲಿಸ್' ಕಥೆಯಲ್ಲಿ ಒಂದು ಆಮೆ ತಾನು ಕಲಿತ ಅಂಕಗಣಿತದ ನಾಲ್ಕು ಕ್ರಿಯೆಗಳ ಹೆಸರು ಹೇಳುತ್ತೆ. ಅದರ ಬಾಯಲ್ಲಿ ಕೂಡೋದು ಮಹತ್ವಾಕಾಂಕ್ಷೆ ಆಗುತ್ತೆ, ಗುಣಿಸೋದು ಕುರೂಪ ಮಾಡೋದು ಆಗುತ್ತೆ, ಭಾಗಿಸೋದು ಅಪಹಾಸ್ಯ ಆಗುತ್ತೆ. ಬರೆದವರು ಆಕ್ಸ್‌ಫರ್ಡ್‌ನಲ್ಲಿ ಗಣಿತ ಪಾಠ ಹೇಳ್ತಿದ್ದವರು! ಅದು ಪ್ರೀತಿ ಇರೋರ ಚೇಷ್ಟೆ. ಓದಿದ್ರೆ ಗೊತ್ತಾಗುತ್ತೆ.

ಬಿಸಿಲುಕುದುರೆ
ಹಂಗಾರ ಎಲ್ಲಾ ಅಣಕಾನೂ ಒಂದ ತಕ್ಕಡಿಗೆ ಹಾಕಬ್ಯಾಡ್ರಿ.

ಚಿತ್ರಕಥೆ
ನಾನು ಧಾರಾವಾಹಿ, ಸಿನಿಮಾಗಳಿಗೆ ಸಂಭಾಷಣೆ ಬರೆಯೋ ತಂಡಗಳಲ್ಲಿ ಕೆಲಸ ಮಾಡ್ತೀನಿ. ಒಳಗಿನ ಮಾತು ಹೇಳ್ತೀನಿ. ಹೊಸ ಪಾತ್ರ ಬಂದ ಅರ್ಧ ನಿಮಿಷದಲ್ಲಿ ನೋಡುಗರು ಅದನ್ನ ತಮ್ಮವರು ಅಂದ್ಕೋಬೇಕು. ಅದಕ್ಕೆ ಸುಲಭದ ದಾರಿ, ಎಲ್ಲರಿಗೂ ಆಗಿರೋ ಒಂದು ಅವಮಾನವನ್ನ ಆ ಪಾತ್ರಕ್ಕೂ ಕೊಡೋದು. ಲೆಕ್ಕದ ಮೇಷ್ಟ್ರು ಬೋರ್ಡಿಗೆ ಕರೆಯೋ ದೃಶ್ಯ ಅಷ್ಟು ಸಲೀಸಾಗಿ ಕೆಲಸ ಮಾಡೋದು ಅದಕ್ಕೇ. ಇತಿಹಾಸದ ಪಾಠ ಬರದಿದ್ರೆ ಹುಡುಗ ಓದಿಲ್ಲ ಅಂತ ಅನ್ನಿಸುತ್ತೆ. ಲೆಕ್ಕ ಬರದಿದ್ರೆ ಪಾಪ ಅನ್ನಿಸುತ್ತೆ. ಈ ವ್ಯತ್ಯಾಸ ಬರೆಯೋರಿಗೆಲ್ಲ ಗೊತ್ತು.

ಎದುರು ತುದಿಯಲ್ಲಿ ಮೇಧಾವಿ. ಅವನಿಗೂ ಬೋರ್ಡೇ. 1997ರ 'ಗುಡ್ ವಿಲ್ ಹಂಟಿಂಗ್' ನೆನಪಿದೆಯಾ? ಕಾರಿಡಾರಿನಲ್ಲಿ ನೆಲ ಒರೆಸೋ ಹುಡುಗ ಬೋರ್ಡಿನ ಮೇಲಿನ ಲೆಕ್ಕ ಬಿಡಿಸ್ತಾನೆ. ಸಾಧಿಸೋಕೆ ನಮಗೆ ಎರಡು ವರ್ಷಕ್ಕಿಂತ ಹೆಚ್ಚು ಹಿಡೀತು ಅಂತ ಪ್ರೊಫೆಸರ್ ಹೇಳಿರ್ತಾರೆ. ಅವನು ನಿಜಕ್ಕೂ ಬಿಡಿಸೋದು ಏನು ಅಂದ್ರೆ, ಹತ್ತು ಚುಕ್ಕಿ ಇರೋ ಮರದಂಥ ಚಿತ್ರಗಳು. ಸುತ್ತಿ ಬಂದು ಕೂಡೋ ಗೆರೆ ಇರಬಾರದು, ಯಾವ ಚುಕ್ಕಿಗೂ ಸರಿಯಾಗಿ ಎರಡೇ ಗೆರೆ ಸೇರಬಾರದು. ಅಂಥವು ಒಟ್ಟು ಹತ್ತು. ಸಿನಿಮಾ ನೋಡಿದ ಮೇಲೆ ನಾನು ಕಾಗದ ಹಿಡಿದು ಕೂತೆ. ಒಂದು ಸಂಜೆಯಲ್ಲಿ ಎಂಟು ಸಿಕ್ಕವು. ನಂಗೆ! ಎರಡನೇ ಪಿಯುಸಿ ಗಣಿತದಲ್ಲಿ ಬರೀ ಪಾಸಾದವನಿಗೆ! "ನೀವೂ ಬಿಡಿಸಿ ನೋಡಿ" ಅನ್ನಬಹುದಾಗಿದ್ದ ಲೆಕ್ಕವನ್ನ ಸಿನಿಮಾ "ಇದು ನಿಮ್ಮ ಕೈಗೆಟುಕದ್ದು" ಅಂತ ತೋರಿಸ್ತು. ನಂಗೆ ಇವತ್ತಿಗೂ ಬೇಜಾರು ಅದೇ.

ಗಾಳಿಪಟ
ಚಿತ್ರಕಥೆ ಅವರೇ, ಎಷ್ಟು ಸರಿಯಾಗಿ ಹೇಳಿದ್ರಿ. ನಾನು ಗಣಿತದಲ್ಲಿ ಎಂಎಸ್ಸಿ ಮಾಡ್ತಿದ್ದೀನಿ. ಹೊಸಬರಿಗೆ ಹೇಳಿದ ತಕ್ಷಣ ಎರಡರಲ್ಲಿ ಒಂದು ಮಾತು ಬರುತ್ತೆ. "ಅಬ್ಬಾ, ನಂಗೆ ಗಣಿತ ಅಂದ್ರೆ ಆಗಲ್ಲಪ್ಪ" ಅಂತ ನಗ್ತಾ ಹೇಳ್ತಾರೆ. ಇಲ್ಲ ಅಂದ್ರೆ ಎರಡು ದೊಡ್ಡ ಸಂಖ್ಯೆ ಕೊಟ್ಟು ಗುಣಿಸು ಅಂತಾರೆ. ನಾನು ದಿನಾ ಮಾಡೋ ಕೆಲಸದಲ್ಲಿ ಸಂಖ್ಯೆಗಳೇ ಅಪರೂಪ.

ಇನ್ನೊಂದು, ಗಣಿತ ಬರೋರಿಗೆ ತಲೆ ಕೆಡಲೇಬೇಕು ಅನ್ನೋ ಸಿನಿಮಾ ನಿಯಮ. 'ಎ ಬ್ಯೂಟಿಫುಲ್ ಮೈಂಡ್' ನಾನೂ ಅತ್ತು ನೋಡಿದ ಸಿನಿಮಾ. ಆದ್ರೆ ಅದರಲ್ಲಿ ಗಣಿತಜ್ಞ ಜಾನ್ ನ್ಯಾಶ್‌ಗೆ ಇಲ್ಲದ ಮನುಷ್ಯರು ಕಣ್ಣಿಗೆ ಕಾಣ್ತಾರೆ. ನಿಜವಾದ ನ್ಯಾಶ್‌ಗೆ ಕಾಡಿದ್ದು ಮುಖ್ಯವಾಗಿ ಧ್ವನಿಗಳು. ಸಿನಿಮಾದ ನ್ಯಾಶ್ ಕೊನೆಯಲ್ಲಿ ಹೊಸ ಔಷಧಿ ತಗೋತಿದ್ದೀನಿ ಅಂತಾರೆ. ನಿಜದಲ್ಲಿ ಅವರು 1970ರ ಹೊತ್ತಿಗೇ ಔಷಧಿ ಬಿಟ್ಟಿದ್ರು. 1994ರಲ್ಲಿ ನೊಬೆಲ್ ಬಂತು. ಕಾಯಿಲೆ ಅವರ ಗಣಿತದಿಂದ ಬಂದದ್ದಲ್ಲ, ಗಣಿತ ಕಾಯಿಲೆಯಿಂದ ಬಂದದ್ದಲ್ಲ. ಸಿನಿಮಾ ನೋಡಿ ಹೊರಗೆ ಬಂದವರಿಗೆ ಎರಡೂ ಒಂದೇ ಅನ್ನಿಸುತ್ತೆ. ನಮ್ಮಮ್ಮ ಆ ಸಿನಿಮಾ ನೋಡಿದ ರಾತ್ರಿ ನಂಗೆ ಫೋನ್ ಮಾಡಿ, "ನಿದ್ದೆ ಸರಿಯಾಗಿ ಮಾಡ್ತಿದ್ದೀಯಾ" ಅಂತ ಮೂರು ಸಲ ಕೇಳಿದ್ರು.

ಬಿಸಿಲುಕುದುರೆ
ಐನ್‌ಸ್ಟೀನ್ ಸೈತ ಸಾಲ್ಯಾಗ ಗಣಿತದಾಗ ಫೇಲ್ ಆಗಿದ್ರಂತಲ್ರೀ. ಅದನ್ನ ಹೇಳಿ ಮಕ್ಕಳಿಗೆ ಧೈರ್ಯ ಕೊಡಬಹುದಲ್ಲ?

ಸೊನ್ನೆ
ಅದು ನಿಜ ಅಲ್ಲ ಸರ್. 1935ರಲ್ಲಿ ಒಂದು ಪತ್ರಿಕೆಯ ತುಣುಕಿನಲ್ಲಿ ಹಾಗೆ ಬಂದದ್ದನ್ನ ಅವರಿಗೇ ತೋರಿಸಿದ್ರು. ಹದಿನೈದು ತುಂಬೋ ಮೊದಲೇ ಕಲನಶಾಸ್ತ್ರ ಕರಗತ ಆಗಿತ್ತು ಅಂತ ಅವರೇ ಹೇಳಿದ್ರು.

ಬಿಸಿಲುಕುದುರೆ
ಹೌದೇನು! ನಾ ಇಷ್ಟ ವರ್ಷ ನನ್ನ ತಮ್ಮಗ ಅದನ್ನ ಹೇಳ್ಕೋತ ಬಂದೀನಿ. ತಿದ್ದಿದ್ದಕ್ಕ ಥ್ಯಾಂಕ್ಸ್.

ಲೆಕ್ಕದ ಟೀಚರ್
ಹದಿನಾರು ವರ್ಷದಿಂದ ಗಣಿತ ಪಾಠ ಮಾಡ್ತಿದ್ದೀನಿ. 2000ನೇ ಇಸವಿಯಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಅಮೆರಿಕ, ಬ್ರಿಟನ್, ಫಿನ್‌ಲೆಂಡ್, ಸ್ವೀಡನ್, ರುಮೇನಿಯಾ, ಈ ಐದು ದೇಶಗಳ 12–13 ವರ್ಷದ ಮಕ್ಕಳಿಗೆ "ಕೆಲಸ ಮಾಡ್ತಿರೋ ಗಣಿತಜ್ಞರ ಚಿತ್ರ ಬಿಡಿಸಿ" ಅಂತ ಹೇಳಿದ್ರು. ದೇಶ ಬೇರೆಯಾದ್ರೂ ಚಿತ್ರಗಳು ಒಂದಕ್ಕೊಂದು ಹೋಲ್ತಿದ್ವು. ಕೆದರಿದ ಕೂದಲು, ಮಂತ್ರವಾದಿಯ ಟೋಪಿ, ಮಕ್ಕಳನ್ನ ಹೆದರಿಸೋ ಮೇಷ್ಟ್ರು.

ಅದನ್ನ ಓದಿ ನಾನೂ ನನ್ನ ಕ್ಲಾಸಿನಲ್ಲಿ ಮಾಡಿಸಿದೆ. ಒಬ್ಬಳ ಚಿತ್ರ ಇವತ್ತಿಗೂ ನನ್ನ ಹತ್ತಿರ ಇದೆ. ಮೇಜಿನ ಹಿಂದೆ ಒಬ್ಬ ಮನುಷ್ಯ. ಕನ್ನಡಕ ಬಿಡಿಸಿದ್ಲು, ಅಂಗಿಯ ಗುಂಡಿ ಬಿಡಿಸಿದ್ಲು, ಜೇಬಿನಲ್ಲಿ ಪೆನ್ನಿನ ಕ್ಯಾಪ್ ಕೂಡ ಬಿಡಿಸಿದ್ಲು. ಬಾಯಿ ಇಲ್ಲ. ಮರೆತೆಯೇನಮ್ಮ ಅಂದ್ರೆ, "ಇಲ್ಲ ಮಿಸ್, ಅವರು ಯಾರ ಜೊತೆಗೂ ಮಾತಾಡಲ್ಲ" ಅಂದ್ಲು. ಗಣಿತಜ್ಞರನ್ನ ಎಲ್ಲಿ ನೋಡಿದ್ದೀಯ ಅಂತ ಕೇಳಿದೆ. ಟೀವಿಯಲ್ಲಿ ಅಂದ್ಲು. ನಾನು ಅವಳ ಎದುರಿಗೇ ನಿಂತಿದ್ದೆ. ಗಣಿತ ಮಾಡೋರು ಅಂದಾಗ ಅವಳಿಗೆ ನಾನು ನೆನಪಾಗಲಿಲ್ಲ.

ಮುಗಿಲಮಲ್ಲಿಗೆ
ಟೀಚರ್, ಆ ಬಾಯಿಲ್ಲದ ಚಿತ್ರ ಕಣ್ಣಿಂದ ಹೋಗ್ತಿಲ್ಲ. ನನ್ನ ಮಗಳು "ಆ ಥರದವಳು" ಅಂದದ್ದು ಇದನ್ನೇ ಅನ್ಸುತ್ತೆ.

ನೀಲಿ ಶಾಯಿ
ನಮ್ಮ ಭಾಷೆಯ ಒಳಗೇ ಎರಡೂ ಇದೆ ನೋಡಿ. "ಅವಳು ಬಲು ಲೆಕ್ಕಾಚಾರದವಳು" ಅಂದ್ರೆ ಬೈಗುಳ. ಕಥೆಗಳಲ್ಲಿ ಸೊಸೆಯನ್ನ ಕಾಡೋ ಪಾತ್ರಗಳೆಲ್ಲ ಲೆಕ್ಕಾಚಾರದವರು, ನಾಯಕಿ ಮಾತ್ರ "ಲೆಕ್ಕ ಇಡದೆ" ಪ್ರೀತಿಸ್ತಾಳೆ. ಆದ್ರೆ "ನನ್ನನ್ನ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ" ಅಂತ ಅಳೋಳೂ ಅದೇ ನಾಯಕಿ. "ಆಟಕ್ಕುಂಟು ಲೆಕ್ಕಕ್ಕಿಲ್ಲ" ಅನ್ನಿಸಿಕೊಳ್ಳೋದು ಯಾರಿಗೂ ಬೇಡ. ಲೆಕ್ಕಕ್ಕೆ ಸೇರೋದು ಅಂದ್ರೆ ನಮ್ಮಲ್ಲಿ ಬೆಲೆ ಸಿಗೋದು.

ಗಣಿತ ಕಾವ್ಯದಿಂದ ದೂರ ಇದ್ದದ್ದೂ ಅಲ್ಲ. 1150ರ 'ಲೀಲಾವತಿ' ಗಣಿತದ ಪುಸ್ತಕವೇ, ಆದ್ರೆ ಪೂರ್ತಿ ಪದ್ಯ. ಅದರಲ್ಲಿ ಒಂದು ದುಂಬಿಗಳ ಲೆಕ್ಕ ಇದೆ. ಹಿಂಡಿನ ಐದನೇ ಒಂದು ಭಾಗ ಕದಂಬಕ್ಕೆ ಹೋಯ್ತು, ಮೂರನೇ ಒಂದು ಭಾಗ ಶಿಲೀಂಧ್ರ ಪುಷ್ಪಕ್ಕೆ, ಆ ಎರಡರ ವ್ಯತ್ಯಾಸದ ಮೂರು ಪಟ್ಟು ಕುಟಜಕ್ಕೆ. ಉಳಿದ ಒಂದು ದುಂಬಿ ಕೇದಗೆ, ಮಾಲತಿ ಎರಡರ ಪರಿಮಳಕ್ಕೂ ಸೋತು ಗಾಳಿಯಲ್ಲೇ ತೂಗಾಡ್ತಿದೆ. ಜಿಂಕೆಗಣ್ಣಿನವಳೇ, ದುಂಬಿಗಳೆಷ್ಟು ಹೇಳು ಅಂತ ಭಾಸ್ಕರಾಚಾರ್ಯರು ಕೇಳ್ತಾರೆ. ಹೀಗೆ ಕೇಳಿದ್ರೆ ಯಾವ ಮಗು ಓಡಿಹೋಗುತ್ತೆ?

ಗಾಳಿಪಟ
15.

ಕೊನೇ ಬೆಂಚು
ಓಡಿಹೋಗುತ್ತೆ. ನಾನು ಓಡಿಹೋಗ್ತಿದ್ದೆ. ಹೂವು ದುಂಬಿ ಎಲ್ಲ ಚೆನ್ನಾಗಿದೆ, ಆದ್ರೆ ಕೊನೆಗೆ "ಎಷ್ಟು ಹೇಳು" ಅಂತ ಕೇಳೋರು ಒಬ್ಬರು ಇರ್ತಾರಲ್ಲ. ಭಯ ಇರೋದು ಆ ಮನುಷ್ಯನದ್ದು.

ಹಳೇ ಓದುಗ
ಕೊನೇ ಬೆಂಚಿನವರ ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1920ರ ದಶಕದ ಒಂದು ರಷ್ಯನ್ ಕಾದಂಬರಿ ಇದೆ, ಜಮ್ಯಾತಿನ್ ಬರೆದದ್ದು. ಅದರ ನಾಯಕನಿಗೆ ಹೆಸರೇ ಇಲ್ಲ, ಬರೀ ಸಂಖ್ಯೆ. ಗಣಿತಜ್ಞ. ಲೆಕ್ಕದಂತೆ ನಡೆಯುವ ರಾಜ್ಯದ ಪರಮ ಭಕ್ತ. ಅಂಥವನಿಗೂ ಬಾಲ್ಯದ ಒಂದು ಗಾಯವಿದೆ. ಶಾಲೆಯಲ್ಲಿ ಮೊದಲ ಸಲ ಮೈನಸ್ ಒಂದರ ವರ್ಗಮೂಲವನ್ನು ಕೇಳಿದಾಗ ಮೇಜು ಗುದ್ದಿ, ನನಗದು ಬೇಡ, ನನ್ನೊಳಗಿಂದ ಅದನ್ನು ತೆಗೆಯಿರಿ ಎಂದು ಅತ್ತಿದ್ದ. ಗಣಿತದ ಬಗೆಗಿನ ದ್ವೇಷವನ್ನು ಇಷ್ಟು ಹತ್ತಿರದಿಂದ ಬರೆದದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಅಲ್ಲಿ ಆ ಮಗುವಿಗೆ ಏನಾಯಿತು ಎಂದು ನಮಗೆ ಕಾಣುತ್ತದೆ.

ಡಿಕನ್ಸನ 1854ರ 'ಹಾರ್ಡ್ ಟೈಮ್ಸ್' ಇನ್ನೊಂದು. ಅಲ್ಲಿನ ಶಾಲೆಯಲ್ಲಿ ಸಿಸಿ ಎಂಬ ಹುಡುಗಿಯನ್ನು "20ನೇ ನಂಬರಿನ ಹುಡುಗಿ" ಎಂದು ಕರೆಯುತ್ತಾರೆ. ಒಂದು ಪಟ್ಟಣದಲ್ಲಿ ಹತ್ತು ಲಕ್ಷ ಜನ, ವರ್ಷಕ್ಕೆ ಬೀದಿಯಲ್ಲಿ ಹಸಿವಿನಿಂದ ಸತ್ತವರು 25 ಮಂದಿ ಮಾತ್ರ, ಈ ಪ್ರಮಾಣದ ಬಗ್ಗೆ ಏನು ಹೇಳುತ್ತೀ ಎಂದು ಕೇಳುತ್ತಾರೆ. ಉಳಿದವರು ಎಷ್ಟು ಲಕ್ಷವಿದ್ದರೂ ಹಸಿದು ಸತ್ತವರಿಗೆ ಅಷ್ಟೇ ಕಷ್ಟವಾಗಿರುತ್ತದಲ್ಲವೇ ಎನ್ನುತ್ತಾಳೆ ಆ ಮಗು. ಅದು ತಪ್ಪು ಉತ್ತರ ಎನ್ನುತ್ತಾರೆ. ಅವಳಿಗೆ ಲೆಕ್ಕ ಬರುವುದಿಲ್ಲ, ನಿಜ. ಆದರೆ ಮನುಷ್ಯರನ್ನು ಅಂಕಿ ಮಾಡಿದವರ ಎದುರು ಅವಳು ಹೇಳಿದ್ದು ಸರಿ. ಇಂಥ ಕಥೆಯನ್ನೂ, ಮಳೆ ಇಷ್ಟ ಗಣಿತ ಕಷ್ಟ ಎಂದು ಅಂಟಿಸಿದ ಕಥೆಯನ್ನೂ ಒಂದೇ ಸಾಲಿಗೆ ನಿಲ್ಲಿಸಲು ನನಗೆ ಮನಸ್ಸಿಲ್ಲ.

ಗಾಳಿಪಟ
ಸರ್, ನಿಮ್ಮ ಮಾತು ಒಪ್ಪಿದೆ, ಆದ್ರೂ ಒಂದು ತಕರಾರು. ಸಿಸಿಗೆ ಕೊಟ್ಟದ್ದು ಕೆಟ್ಟ ಪ್ರಶ್ನೆ. ಆ 25 ಜನ ಯಾಕೆ ಸತ್ತರು, ಯಾವ ಬೀದಿಯಲ್ಲಿ, ಯಾವ ತಿಂಗಳಲ್ಲಿ ಅಂತ ಎಣಿಸಿ ನೋಡೋದೂ ಗಣಿತವೇ. ಎಣಿಸದೇ ಬಿಟ್ರೆ ಅವರು ಸತ್ತದ್ದು ಗೊತ್ತೇ ಆಗಲ್ಲ. '1984'ರಲ್ಲಿ ಆರ್ವೆಲ್ ತೋರಿಸಿದ್ದು ಇದರ ಇನ್ನೊಂದು ಮುಖ. ಎರಡಕ್ಕೆ ಎರಡು ಕೂಡಿದ್ರೆ ಐದು ಅಂತ ಒಪ್ಪಿಸೋಕೆ ಅಧಿಕಾರ ಒಬ್ಬ ಮನುಷ್ಯನನ್ನ ಹಿಂಸೆ ಮಾಡುತ್ತೆ. ನಾಲ್ಕು ಅಂತ ಹೇಳೋ ಸ್ವಾತಂತ್ರ್ಯ ಅವನ ಕೊನೇ ಆಸರೆ. ಅಲ್ಲಿ ಲೆಕ್ಕ ನಿಂತಿರೋದು ಬಡಪಾಯಿಯ ಪರವಾಗಿ.

ಹಳೇ ಓದುಗ
ಒಪ್ಪಿದೆ. ಅದಕ್ಕೂ ಮೊದಲು 1864ರಲ್ಲಿ ದಸ್ತಯೆವ್‌ಸ್ಕಿಯ ಒಬ್ಬ ಪಾತ್ರ ಇದರ ತದ್ವಿರುದ್ಧ ಹೇಳುತ್ತಾನೆ. ಎರಡೆರಡಲಿ ನಾಲ್ಕು ಎನ್ನುವುದು ಸೊಂಟಕ್ಕೆ ಕೈಯಿಟ್ಟು ದಾರಿಗೆ ಅಡ್ಡ ನಿಂತ ದುರಹಂಕಾರಿ, ಎರಡೆರಡಲಿ ಐದು ಒಮ್ಮೊಮ್ಮೆ ಎಷ್ಟು ಚೆಂದ ಎಂದು. ಇಬ್ಬರಿಗೂ ಬೇಕಾದದ್ದು ಸ್ವಾತಂತ್ರ್ಯ. ಇದರ ಬಗ್ಗೆ ಇನ್ನೊಮ್ಮೆ ಕೂತು ಮಾತಾಡೋಣ, ಇಲ್ಲಿ ಬೇರೆ ದಾರಿ ಹಿಡಿಯುತ್ತದೆ.

ಮುಗಿಲಮಲ್ಲಿಗೆ
@ಕೊನೇ ಬೆಂಚು ನಿಮ್ಮ ಉಸಿರನ್ನ ಕಿತ್ಕೊಳ್ಳೋ ಆಸೆ ನಂಗಿಲ್ಲ. ಕೇಳಬಹುದಾ, ಯಾವಾಗ ಶುರುವಾಯ್ತು ನಿಮಗೆ?

ಕೊನೇ ಬೆಂಚು
ಕೇಳಿದ್ರಿ, ಹೇಳ್ತೀನಿ. ಐದನೇ ಕ್ಲಾಸು. ಏಳರ ಮಗ್ಗಿ. ಬೋರ್ಡಿನ ಮುಂದೆ ನಿಲ್ಲಿಸಿದ್ರು. ಏಳೇಳಲಿ ನಲವತ್ತೊಂಬತ್ತು ತನಕ ಬಂತು, ಏಳೆಂಟಲಿ ನಿಂತುಹೋಯ್ತು. ಮೇಷ್ಟ್ರು ಹೊಡೆಯಲಿಲ್ಲ. ಬರೋ ತನಕ ಅಲ್ಲೇ ನಿಂತಿರು ಅಂದು ಪಾಠ ಮುಂದುವರಿಸಿದ್ರು. ನನ್ನ ಮುಖ ಬೋರ್ಡಿಗೆ. ಮೂಗಿನ ಹತ್ತಿರ ಹಿಂದಿನ ದಿನದ ಲೆಕ್ಕ ಅರ್ಧ ಒರೆಸಿದ್ದು ಕಾಣ್ತಿತ್ತು, ಒಂದು ಸಮ ಚಿಹ್ನೆ, ಅದರ ಪಕ್ಕ ಏನೂ ಇಲ್ಲ. ಪೀರಿಯಡ್ ಮುಗಿಯೋ ತನಕ ಅದನ್ನೇ ನೋಡ್ತಾ ನಿಂತಿದ್ದೆ. ಸೀಮೆಸುಣ್ಣ ಕೈಬೆವರಿಗೆ ಮೆತ್ತಗಾಗಿತ್ತು. ಐವತ್ತಾರು ಅಂತ ನಂಗೆ ನೆನಪಾಗಿತ್ತು, ಹತ್ತು ನಿಮಿಷದಲ್ಲೇ. ತಿರುಗಿ ಹೇಳೋ ಧೈರ್ಯ ಬರಲಿಲ್ಲ.

'ತಾರೇ ಜಮೀನ್ ಪರ್' ಬಂದಾಗ ನಾನು ಕೆಲಸಕ್ಕೆ ಸೇರಿಯಾಗಿತ್ತು. ಪರೀಕ್ಷೆಯಲ್ಲಿ ಮೂರೊಂಬತ್ತಲಿ ಎಷ್ಟು ಅನ್ನೋ ಪ್ರಶ್ನೆಗೆ ಆ ಹುಡುಗ ಮೂರನೇ ಗ್ರಹ ಭೂಮಿಯನ್ನ ಎಳಕೊಂಡು ಹೋಗಿ ಒಂಬತ್ತನೇ ಗ್ರಹ ಪ್ಲೂಟೊಗೆ ಡಿಕ್ಕಿ ಹೊಡೆಸಿ, ಪ್ಲೂಟೊ ಚೂರಾದ ಮೇಲೆ ಉಳಿದದ್ದು ಮೂರು ಅಂತ ಬರೀತಾನಲ್ಲ, ಥಿಯೇಟರಿನಲ್ಲಿ ಎಲ್ಲರೂ ನಕ್ಕರು. ನಂಗೆ ಅಳು ಬಂತು. ಬೋರ್ಡಿನ ಮುಂದೆ ನಿಂತಾಗ ನನ್ನ ತಲೆಯೊಳಗೂ ಏನೇನೋ ಓಡ್ತಿತ್ತು, ಅದನ್ನ ಯಾರೂ ನೋಡಿರಲಿಲ್ಲ.

ಸೊನ್ನೆ
ಆ ಸಿನಿಮಾ 2007ರದ್ದು. ಪ್ಲೂಟೊ ಗ್ರಹಗಳ ಪಟ್ಟಿಯಿಂದ ಹೊರಗೆ ಹೋದದ್ದು 2006ರಲ್ಲಿ. ಆ ಹುಡುಗನೇ ಉರುಳಿಸಿದ ಅಂತ ಆವತ್ತು ನನ್ನ ತಂಗಿ ನಂಬಿದ್ಲು.

ಬಿಸಿಲುಕುದುರೆ
ಕೊನೇ ಬೆಂಚಿನವರ, ನಿಮ್ಮ ಆ ಸಮ ಚಿಹ್ನಿ ಮನಸಿಗೆ ಭಾಳ ಹತ್ತಿತ್ರಿ.

ಲೆಕ್ಕದ ಟೀಚರ್
ಕೊನೇ ಬೆಂಚು ಸರ್, ನೀವು ಹೇಳಿದ್ದು ಸಂಶೋಧನೆಯಲ್ಲೂ ಇದೆ. ಲೆಕ್ಕದ ಬಗ್ಗೆ ತೀರಾ ಆತಂಕ ಇರೋರ ಮಿದುಳನ್ನ ಸ್ಕ್ಯಾನ್ ಮಾಡಿ 2012ರಲ್ಲಿ ಒಂದು ಪ್ರಬಂಧ ಬಂತು. ಈಗ ಲೆಕ್ಕ ಬರುತ್ತೆ ಅಂತ ಸೂಚನೆ ಸಿಕ್ಕಾಗ, ನೋವು ಗ್ರಹಿಸೋದರ ಜೊತೆ ನಂಟಿರೋ ಮಿದುಳಿನ ಭಾಗಗಳು ಚುರುಕಾದ್ವು. ಲೆಕ್ಕ ಮಾಡೋವಾಗ ಹಾಗಾಗಲಿಲ್ಲ. ಕಾಯೋದರಲ್ಲೇ ನೋವು. ನಿಮಗೆ ಐವತ್ತಾರು ಗೊತ್ತಿತ್ತು ಅಂದ್ರಲ್ಲ, ಅದನ್ನ ಓದಿದಾಗಿನಿಂದ ಮನಸ್ಸು ಸರಿಯಿಲ್ಲ. ನನ್ನ ಕ್ಲಾಸಿನಲ್ಲೂ ಉತ್ತರ ಗೊತ್ತಿದ್ದು ತಿರುಗದೇ ನಿಂತವರು ಇದ್ರೇನೋ ಅಂತ.

ಇನ್ನೊಂದು 2010ರದ್ದು, ಅಮೆರಿಕದ ಒಂದನೇ, ಎರಡನೇ ತರಗತಿಗಳಲ್ಲಿ ಮಾಡಿದ್ದು. ಟೀಚರ್‌ಗೇ ಗಣಿತದ ಆತಂಕ ಇದ್ದ ಕಡೆ, ವರ್ಷದ ಕೊನೆಗೆ "ಲೆಕ್ಕ ಹುಡುಗರಿಗೆ, ಓದು ಹುಡುಗಿಯರಿಗೆ" ಅಂತ ನಂಬೋ ಹುಡುಗಿಯರು ಹೆಚ್ಚಾಗಿದ್ರು, ಹಾಗೆ ನಂಬಿದವರ ಗಣಿತವೂ ಹಿಂದೆ ಬಿದ್ದಿತ್ತು. ಆ ಟೀಚರ್‌ಗಳೆಲ್ಲ ಹೆಂಗಸರು. ದಿನಾ ಎದುರಿಗೆ ಕಾಣೋರಿಂದ ಮಕ್ಕಳು ಇಷ್ಟು ಹಿಡ್ಕೋತಾರೆ ಅಂದ್ರೆ, ಮತ್ತೆ ಮತ್ತೆ ಓದೋ ಕಥೆಯ ನಾಯಕಿಯಿಂದ ಏನೂ ಹಿಡ್ಕೊಳ್ಳಲ್ಲ ಅಂತ ನಾನು ನಂಬಲ್ಲ.

ನೀಲಿ ಶಾಯಿ
ಕಥೆಯೇ ಆಗಬೇಕಿಲ್ಲ, ಗೊಂಬೆ ಸಾಕು. 1992ರಲ್ಲಿ ಮಾತಾಡೋ ಬಾರ್ಬಿ ಬಂದಾಗ ಅದರ ಮಾತುಗಳಲ್ಲಿ ಒಂದು, ಗಣಿತದ ಕ್ಲಾಸು ಕಷ್ಟ ಅಂತ. ಜನ ಗಲಾಟೆ ಮಾಡಿದ ಮೇಲೆ ಆ ಮಾತನ್ನ ತೆಗೆದ್ರು. ಒಂದು ಗೊಂಬೆಯ ಬಾಯಿಂದ ತೆಗೆಸಬಹುದು, ಸಾವಿರ ಪುಸ್ತಕದಿಂದ ಹೇಗೆ ತೆಗೆಸ್ತೀರಿ?

ಚಿತ್ರಕಥೆ
ತೆಗೆಸೋದು ಬೇಡ. ಬರೆಯೋರು ನಾವು, ಒಂದು ಸಾಲು ಮುಂದೆ ಹೋಗಬೇಕು. "ಅವಳಿಗೆ ಗಣಿತ ಅಂದ್ರೆ ಆಗಲ್ಲ" ಅಂತ ಬರೆದ ಮೇಲೆ, ಯಾಕೆ ಅಂತ ಕೇಳ್ಕೋಬೇಕು. ಉತ್ತರ ಸಿಕ್ರೆ ಅದೇ ಒಂದು ದೃಶ್ಯ ಆಗುತ್ತೆ, ಸಿಗದಿದ್ರೆ ಆ ಸಾಲನ್ನ ಹೊಡೆದುಹಾಕಬೇಕು. ಕೊನೇ ಬೆಂಚು ಅವರು ಬರೆದ ಆ ಅರ್ಧ ಒರೆಸಿದ ಸಮ ಚಿಹ್ನೆ ನಂಗೆ ಹತ್ತು ವರ್ಷದಲ್ಲಿ ಹೊಳೆದಿಲ್ಲ.

ಸೊನ್ನೆ
ತೆರೆಯ ಮೇಲೆ ಗಣಿತವನ್ನ ತಪ್ಪಾಗಿ ತೋರಿಸಿಯೂ ಜನರ ಕೈಗೆ ಲೆಕ್ಕ ಕೊಟ್ಟವರಿದ್ದಾರೆ. 1939ರ 'ವಿಜರ್ಡ್ ಆಫ್ ಆಜ್'ನಲ್ಲಿ ಬೆದರುಬೊಂಬೆಗೆ ಪ್ರಮಾಣಪತ್ರ ಸಿಕ್ಕ ಕೂಡಲೇ ಜಾಣತನ ಬಂದು ಪೈಥಾಗೊರಸ್ ಪ್ರಮೇಯದಂಥದ್ದೊಂದು ಹೇಳುತ್ತೆ. ಪೂರ್ತಿ ತಪ್ಪು. ಲಂಬಕೋನ ತ್ರಿಭುಜ ಅನ್ನೋ ಕಡೆ ಸಮದ್ವಿಬಾಹು, ವರ್ಗ ಅನ್ನೋ ಕಡೆ ವರ್ಗಮೂಲ. ನಾನು ಆ ತಪ್ಪು ಹುಡುಕ್ತಾನೇ ಪ್ರಮೇಯ ಕಲಿತದ್ದು.

ಇದಕ್ಕಿಂತ ಚೆಂದದ್ದು ಟೀವಿಯ ಕಾರ್ಟೂನ್ ಧಾರಾವಾಹಿ 'ಸಿಂಪ್ಸನ್ಸ್'. 1998ರ ಒಂದು ಕಂತಿನಲ್ಲಿ ಹೋಮರ್ ಬೋರ್ಡಿನ ಮೇಲೆ ಬರೀತಾನೆ: 3987ರ 12ನೇ ಘಾತ, ಅದಕ್ಕೆ 4365ರ 12ನೇ ಘಾತ ಕೂಡಿದ್ರೆ 4472ರ 12ನೇ ಘಾತ. ಫರ್ಮಾನ ಕೊನೆಯ ಪ್ರಮೇಯದ ಪ್ರಕಾರ ಘಾತ ಎರಡಕ್ಕಿಂತ ಹೆಚ್ಚಿದ್ರೆ ಪೂರ್ಣ ಸಂಖ್ಯೆಗಳಲ್ಲಿ ಹೀಗೆ ಆಗೋದು ಸಾಧ್ಯವೇ ಇಲ್ಲ. ಅದನ್ನ ಗಣಿತಜ್ಞ ವೈಲ್ಸ್ ಸಾಧಿಸಿ ಪ್ರಕಟಿಸಿದ್ದು 1995ರಲ್ಲಿ. ಆದ್ರೆ ಹತ್ತಂಕಿ ಕ್ಯಾಲ್ಕುಲೇಟರಿನಲ್ಲಿ ಹಾಕಿದ್ರೆ ಸರಿ ಅಂತಲೇ ತೋರಿಸುತ್ತೆ. ಕೊನೇ ಅಂಕಿ ನೋಡಿದ್ರೂ ಸಿಕ್ಕಿಬೀಳಲ್ಲ, ಎರಡೂ ಕಡೆ 6.

ಗಾಳಿಪಟ
ಕ್ಯಾಲ್ಕುಲೇಟರ್ ಬೇಡ, ಫರ್ಮಾನೂ ಬೇಡ! ಮೂರರಿಂದ ಭಾಗ ಹೋಗುತ್ತಾ ಅಂತ ನೋಡೋ ಶಾಲೆಯ ನಿಯಮ ಸಾಕು. ಅಂಕಿಗಳನ್ನ ಕೂಡಿಸಿ ನೋಡಿ.

ಮುಗಿಲಮಲ್ಲಿಗೆ
ಎರಡು ದಿನ ಬರೋಕೆ ಆಗಲಿಲ್ಲ. ಎಲ್ಲ ಕೂತು ಓದಿದೆ. ಕೊನೇ ಬೆಂಚು ಅವರ ಬೋರ್ಡಿನ ಮಾತನ್ನ ಮಗಳಿಗೆ ಓದಿ ಹೇಳಿದೆ. "ಅವರಿಗೆ ಐವತ್ತಾರು ಗೊತ್ತಿತ್ತಲ್ಲಮ್ಮ" ಅಂದ್ಲು, ಬಹಳ ಹೊತ್ತು ಸುಮ್ಮನಿದ್ಲು.

ಆಮೇಲೆ ಸಿಂಪ್ಸನ್ಸ್ ಲೆಕ್ಕ ತೋರಿಸಿದೆ. 3987ರ ಅಂಕಿ ಕೂಡಿದ್ಲು, 27. 4365ಕ್ಕೆ 18. ಎರಡೂ ಮೂರರಿಂದ ಹೋಗುತ್ತೆ, ಹಾಗಾದ್ರೆ ಅವನ್ನ ಹನ್ನೆರಡು ಸಲ ಗುಣಿಸಿ ಕೂಡಿದ್ರೂ ಹೋಗುತ್ತೆ ಅಂದ್ಲು. 4472ಕ್ಕೆ 17 ಬಂತು, ಮೂರರಿಂದ ಹೋಗಲ್ಲ, ಎಷ್ಟು ಸಲ ಗುಣಿಸಿದ್ರೂ ಹೋಗಲ್ಲ. "ಅಮ್ಮ, ಟೀವಿಯವರು ಸುಳ್ಳು ಬರೆದಿದ್ದಾರೆ!" ಅಂತ ಕೂಗಿದ್ಲು. ಆಮೇಲೆ ನಾನು ಅಡುಗೆಮನೆಯಲ್ಲಿದ್ದಾಗ ಫೋನಿನಲ್ಲಿ ಮಾತಾಡೋದು ಕೇಳಿಸ್ತು. ಅದೇ ಗೆಳತಿ. "ಪೆನ್ನು ತಗೋ, ಬರ್ಕೋ, ನಾಲ್ಕು ನಾಲ್ಕು ಏಳು ಎರಡು" ಅಂತಿದ್ಲು.

ಕೊನೇ ಬೆಂಚು
ನಾನೂ ಈಗ ಕಾಗದ ತಗೊಂಡೆ. 27 ಬಂತು, 18 ಬಂತು. ಮೂರನೇದಕ್ಕೆ ನಂಗೆ 13 ಬರ್ತಿದೆ.

ಲೆಕ್ಕದ ಟೀಚರ್
ಅದರಲ್ಲಿ ನಾಲ್ಕು ಎರಡು ಸಲ ಇದೆ ಸರ್. ನಿಧಾನವಾಗಿ ನೋಡಿ, ಅವಸರ ಇಲ್ಲ.

ಕೊನೇ ಬೆಂಚು
ಹೌದು. 17.